ರೈಲನ್ನು ಕಂಪನಿಗೆ ಕೊಟ್ಟ ದಿವಾನರು

ಬೆಂಗಳೂರಿನಲ್ಲಿ ಶೇಷಾದ್ರಿಪುರಂ ಅಂತ ಬಡಾವಣೆ ಇದೆ, ಶೇಷಾದ್ರಿ ರಸ್ತೆ ಇದೆ. ಕಬ್ಬನ್ ಪಾರ್ಕಿನೊಳಗಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ ನೋಡಿದ್ದೀರಲ್ಲ, ಅದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಎದುರಿಗೆ ಅವರ ಪ್ರತಿಮೆಯೂ ನಿಂತಿದೆ. ಯಾರಪ್ಪಾ ಇವರು ಅಂತ ನಮ್ಮ ಕ್ಲಾಸಿನಲ್ಲಿ ಕೇಳಿದರೆ ಎಲೆಕ್ಟ್ರಿಕಲ್ ಬ್ರಾಂಚಿನವರು ಮಾತ್ರ ಕೈ ಎತ್ತುತ್ತಾರೆ: ಶಿವನಸಮುದ್ರದಲ್ಲಿ ಕರೆಂಟು ಮಾಡಿಸಿದ ದಿವಾನರು. ಉತ್ತರ ಸರಿ, ಆದರೆ ಅರ್ಧ. ಅದಕ್ಕೂ ಹದಿನೈದು ವರ್ಷ ಮೊದಲು ಇದೇ ಮನುಷ್ಯ ಮೈಸೂರು ಸಂಸ್ಥಾನದ ಸ್ವಂತ ರೈಲನ್ನು ಲಂಡನ್ನಿನಲ್ಲಿ ಹುಟ್ಟಿದ ಒಂದು ಖಾಸಗಿ ಕಂಪನಿಯ ಕೈಗೆ ಕೊಟ್ಟಿದ್ದರು. ಖಾಸಗೀಕರಣ ಅನ್ನೋ ಪದ ಆಗಿನ್ನೂ ಕನ್ನಡಕ್ಕೆ ಬಂದಿರಲಿಲ್ಲ, ಕೆಲಸ ಮಾತ್ರ ಆಗಿಹೋಗಿತ್ತು.

ನಾವು ಈ ಕಥೆಗೆ ಕೈ ಹಾಕಲು ಕಾರಣ ನಮ್ಮ ಕಡೆಯ ಒಂದು ಹಳೆಯ ಪ್ರಶ್ನೆ. ಚಳ್ಳಕೆರೆ, ಮೊಳಕಾಲ್ಮೂರು, ಅದರಲ್ಲೂ ದೇವಸಮುದ್ರ ಹೋಬಳಿಯ ಕಡೆಯವರು ಯಾವಾಗಲೂ ಕೇಳುವುದು: ಬರ ಬಂದರೆ ಮೊದಲು ನಮಗೆ, ರೈಲು ಬಂದರೆ ಕೊನೆಗೆ ನಮಗೆ, ಇದು ಯಾಕೆ ಹೀಗೆ? ಪೂರ್ತಿ ಉತ್ತರ ಒಬ್ಬ ಮನುಷ್ಯನ ಬದುಕಿನಲ್ಲಿ ಸಿಗುವುದಿಲ್ಲ. ಆದರೆ ಅದರ ಒಂದು ದೊಡ್ಡ ತುಂಡು ಶೇಷಾದ್ರಿ ಅಯ್ಯರ್ ಅವರ ಬದುಕಿನಲ್ಲಿದೆ.

ಅವರು ಹುಟ್ಟಿದ್ದು 1845ರ ಜೂನ್ 1ರಂದು, ಮಲಬಾರಿನ ಪಾಲಕ್ಕಾಡ್ ಹತ್ತಿರದ ಕುಮಾರಪುರಂನಲ್ಲಿ. ತಂದೆ ಕಲ್ಲಿಕೋಟೆಯಲ್ಲಿ ವಕೀಲರು. ಮಗು ತೀರಾ ಚಿಕ್ಕದಿದ್ದಾಗಲೇ ತಂದೆ ತೀರಿಕೊಂಡರು, ಅಣ್ಣನ ಆಶ್ರಯದಲ್ಲಿ ಓದು ನಡೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1866ರಲ್ಲಿ ಬಿ.ಎ. ಮುಗಿಸಿ ಕಲ್ಲಿಕೋಟೆಯ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರಕಾರರ ಕೆಲಸಕ್ಕೆ ಸೇರಿದರು. ಅದೇ ಊರಲ್ಲಿ ಆಗ ಸಿ. ರಂಗಾಚಾರ್ಲು ಅನ್ನುವ ಹಿರಿಯ ಅಧಿಕಾರಿ ಇದ್ದರು. ಹುಡುಗನ ಚುರುಕು ಅವರ ಕಣ್ಣಿಗೆ ಬಿತ್ತು. 1868ರಲ್ಲಿ ರಂಗಾಚಾರ್ಲು ಮೈಸೂರು ಅರಮನೆಯ ಲೆಕ್ಕ ನೋಡಿಕೊಳ್ಳಲು ಬಂದಾಗ ಅಯ್ಯರ್ ಅವರನ್ನೂ ಕರೆಸಿಕೊಂಡರು. ಇವತ್ತಿನ ಭಾಷೆಯಲ್ಲಿ ರೆಫರಲ್ ಅಂತೀವಲ್ಲ, ಅದೇ. ಅಷ್ಟಗ್ರಾಮ ವಿಭಾಗದಲ್ಲಿ ಶಿರಸ್ತೇದಾರಿಕೆಯಿಂದ ಶುರುವಾಗಿ, ಕೆಲಸ ಮಾಡುತ್ತಲೇ 1874ರಲ್ಲಿ ಬಿ.ಎಲ್. ಪಾಸು ಮಾಡಿ, ತುಮಕೂರಿನ ಡೆಪ್ಯುಟಿ ಕಮಿಷನರ್, ಆಮೇಲೆ ಸೆಷನ್ಸ್ ಜಡ್ಜ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. ಎಂಜಿನಿಯರಿಂಗ್ ಓದಿದವರಲ್ಲ, ಕಾನೂನು ಓದಿದವರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರು ಈ ಮೆಟ್ಟಿಲು ಹತ್ತುತ್ತಿದ್ದ ನಡುವೆಯೇ ಬಂದದ್ದು 1876ರಿಂದ 78ರ ಆ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಸ್ವಲ್ಪ ಹೆಚ್ಚು ಜನ. 1881ರ ಗಣತಿಯಲ್ಲಿ 42 ಲಕ್ಷವೂ ತುಂಬಲಿಲ್ಲ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಇಳಿದದ್ದನ್ನು ಸೇರಿಸಿದರೆ ಸತ್ತವರು ಹತ್ತು ಲಕ್ಷದ ಸುತ್ತಮುತ್ತ ಅನ್ನುತ್ತಾರೆ. ಚಿತ್ರದುರ್ಗ, ತುಮಕೂರು, ಕೋಲಾರ ಜಿಲ್ಲೆಗಳು ಹೆಚ್ಚು ಹೊಡೆತ ತಿಂದವು. ಗಡಿಯಾಚೆಯ ಬಳ್ಳಾರಿಯ ಪಾಡೂ ಅದೇ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಧಾನ್ಯ ಎಲ್ಲೂ ಇರಲಿಲ್ಲ ಅಂತಲ್ಲ. ಮದರಾಸ್ ರೈಲ್ವೆಯ ಜೋಲಾರಪೇಟೆ ಮಾರ್ಗ 1864ರಲ್ಲೇ ಬೆಂಗಳೂರು ದಂಡಿಗೆ ಬಂದಿತ್ತು, ಅದರಲ್ಲಿ ಅಕ್ಕಿ ಬಂದು ಇಳಿಯುತ್ತಿತ್ತು. ತೊಂದರೆ ಅಲ್ಲಿಂದ ಮುಂದೆ. ಒಳನಾಡಿಗೆ ಸಾಗಿಸಬೇಕಾದದ್ದು ಎತ್ತಿನ ಗಾಡಿಯಲ್ಲಿ. ಮೇವಿಲ್ಲದೆ, ನೀರಿಲ್ಲದೆ ಎತ್ತುಗಳೇ ಸತ್ತುಹೋಗಿದ್ದವು. ಲಾಜಿಸ್ಟಿಕ್ಸ್ ಪಾಠದಲ್ಲಿ ಲಾಸ್ಟ್ ಮೈಲ್ ಅಂತ ಸಲೀಸಾಗಿ ಬರೆಯುತ್ತೇವಲ್ಲ, ಆ ಕೊನೆಯ ಮೈಲಿ ಆಗ ನೂರಾರು ಮೈಲಿ ಇತ್ತು.

ಹಾಗಾಗಿ ಬರ ಮುಗಿದ ಮೇಲೆ ಮೈಸೂರಿನ ಆಡಳಿತಗಾರರ ತಲೆಯಲ್ಲಿ ರೈಲು ಅಂದರೆ ಪ್ರಯಾಣದ ಅನುಕೂಲವಲ್ಲ, ಜೀವ ಉಳಿಸುವ ಸಾಧನ. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ ಹಾಕಿದ್ದು ಸಂಸ್ಥಾನದ ದುಡ್ಡಿನಲ್ಲೇ. 1882ರಲ್ಲಿ ರೈಲು ಮೈಸೂರು ಮುಟ್ಟಿತು. 1881ರಲ್ಲಿ ಆಳ್ವಿಕೆ ಮತ್ತೆ ಒಡೆಯರಿಗೆ ಬಂದು ರಂಗಾಚಾರ್ಲು ದಿವಾನರಾದ ಮೇಲೆ ತುಮಕೂರಿನ ದಿಕ್ಕಿಗೆ ಇನ್ನೊಂದು ಮಾರ್ಗದ ಕೆಲಸ ನಡೆಯಿತು. 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಫೆಬ್ರವರಿಯಲ್ಲಿ ಆ ಕುರ್ಚಿಗೆ ಬಂದವರು ಶೇಷಾದ್ರಿ ಅಯ್ಯರ್. ವಯಸ್ಸು 37. ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರಿಗೆ ಇನ್ನೂ ಇಪ್ಪತ್ತು.

ಹೊಸ ದಿವಾನರ ಕೈಗೆ ಬಂದ ಲೆಕ್ಕ ಹೀಗಿತ್ತು. ಬರದ ಕಾಲಕ್ಕೆ ಬ್ರಿಟಿಷ್ ಸರ್ಕಾರದಿಂದ ಎತ್ತಿದ ಸಾಲ 80 ಲಕ್ಷ ರೂಪಾಯಿ. ಸಂಸ್ಥಾನದ ಒಂದು ವರ್ಷದ ಆದಾಯ ಸುಮಾರು ಒಂದು ಕೋಟಿ. ಅದರಲ್ಲಿ ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ ಬ್ರಿಟಿಷರಿಗೆ ಕಪ್ಪ. ಒಪ್ಪಂದದ ಪ್ರಕಾರ ಅದು 35 ಲಕ್ಷಕ್ಕೆ ಏರಬೇಕಿತ್ತು, ಹೇಗೋ ಮುಂದೂಡಿಸಿ ಮುಂದೂಡಿಸಿ 1896ರವರೆಗೆ ತಡೆದರು. 1884ರಲ್ಲಿ ತುಮಕೂರಿಗೆ ರೈಲು ಬಂತು, ಅಲ್ಲಿಂದ ಗುಬ್ಬಿ. ಅಷ್ಟಕ್ಕೆ ಕೈಯಲ್ಲಿದ್ದದ್ದು ಖಾಲಿ. ಗುಬ್ಬಿಯಿಂದ ಹರಿಹರಕ್ಕೆ ಇನ್ನೂ ಸುಮಾರು 250 ಕಿಲೋಮೀಟರ್ ಬಾಕಿ. ಆ 250 ಕಿಲೋಮೀಟರ್ ಇಲ್ಲದಿದ್ದರೆ ಹಿಂದಿನ ಹಳಿಗೂ ಅರ್ಥವಿಲ್ಲ. ಯಾಕಂದರೆ ಹರಿಹರದ ಆಚೆ ಹುಬ್ಬಳ್ಳಿ, ಅದರ ಆಚೆ ಮುಂಬಯಿ ಪ್ರಾಂತ್ಯ. ಇತ್ತ ಬೆಳೆ ಹೋದ ವರ್ಷ ಅತ್ತಲಿಂದ ಧಾನ್ಯ ತರಬಹುದು. ಗುಬ್ಬಿಯಲ್ಲೇ ನಿಂತ ರೈಲು ಅಂದರೆ ಅರ್ಧ ಕಟ್ಟಿದ ಸೇತುವೆ.

ಹರಿಹರದ ಆಚೆ ಹಳಿ ಹಾಕುತ್ತಿದ್ದವರು ಸದರ್ನ್ ಮರಾಠಾ ರೈಲ್ವೆ ಕಂಪನಿ. 1882ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆ, ಇಲ್ಲಿನ ಮುಖ್ಯ ಕಚೇರಿ ಧಾರವಾಡದಲ್ಲಿ, ಕಾರ್ಖಾನೆ ಹುಬ್ಬಳ್ಳಿಯಲ್ಲಿ. ಇವತ್ತಿಗೂ ನಡೆಯುತ್ತಿರುವ ಹುಬ್ಬಳ್ಳಿ ವರ್ಕ್‌ಶಾಪ್ 1885ರಲ್ಲಿ ಶುರುವಾದದ್ದು ಇವರಿಂದಲೇ. ಆ ಕಂಪನಿಯೂ ಅದೇ ಬರದ ಕೂಸು. ಬಿಜಾಪುರ, ಗದಗ, ಬಳ್ಳಾರಿ ಕಡೆಯ ಬರಪೀಡಿತ ಸೀಮೆಗೆ ಹಳಿ ಹಾಕಲೆಂದೇ ಅದನ್ನು ಕಟ್ಟಿದ್ದು. ಗದಗದಿಂದ ಬಳ್ಳಾರಿಗೆ 1884ರಲ್ಲೇ ಅವರ ಗಾಡಿ ಓಡಾಡುತ್ತಿತ್ತು. ಖಾಸಗಿ ಅಂದರೂ ಇವತ್ತಿನ ಅರ್ಥದ ಖಾಸಗಿ ಅಲ್ಲ. ಷೇರು ಹಾಕಿದವರಿಗೆ ಇಂತಿಷ್ಟು ಬಡ್ಡಿ ಖಾತ್ರಿ ಅಂತ ಸರ್ಕಾರವೇ ಬರೆದುಕೊಟ್ಟಿರುತ್ತಿತ್ತು. ರೈಲು ಓಡಿ ಲಾಭ ಬಂದರೆ ಕಂಪನಿಗೂ ಪಾಲು, ಬರದಿದ್ದರೆ ಖಾತ್ರಿ ಬಡ್ಡಿ ತುಂಬುವುದು ಸರ್ಕಾರದ ಬೊಕ್ಕಸ. ಪಿಪಿಪಿ ಮಾದರಿ ಅಂತ ನಮಗೆ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ಬರುತ್ತದಲ್ಲ, ಅದರ ಮುತ್ತಜ್ಜ ಇದು. ನಷ್ಟದ ಅಪಾಯ ಯಾರ ತಲೆ ಮೇಲೆ ಅನ್ನುವ ಪ್ರಶ್ನೆ ಆಗಲೂ ಇತ್ತು, ಉತ್ತರವೂ ಇದೇ ಇತ್ತು.

1886ರಲ್ಲಿ ಅಯ್ಯರ್ ಈ ಕಂಪನಿಯ ಜೊತೆ ಒಪ್ಪಂದಕ್ಕೆ ಬಂದರು. ಮೈಸೂರು ಆವರೆಗೆ ಕಟ್ಟಿದ್ದ ಮಾರ್ಗಗಳನ್ನು ಅಡವಿಟ್ಟ ಹಾಗೆ ಕಂಪನಿಯ ವಶಕ್ಕೆ ಕೊಡುವುದು. ಕಂಪನಿ ಅದರ ಬಲದ ಮೇಲೆ ಲಂಡನ್ನಿನಲ್ಲಿ ಸುಮಾರು 12 ಲಕ್ಷ ಪೌಂಡ್ ಸಾಲ ಎತ್ತುವುದು, ಬಡ್ಡಿ ಶೇಕಡಾ 4. ಆ ದುಡ್ಡಿನಲ್ಲಿ ಹರಿಹರದವರೆಗೆ ಹಳಿ ಹಾಕಿ, ಎಲ್ಲ ಗಾಡಿಗಳನ್ನೂ ಕಂಪನಿಯೇ ನಡೆಸುವುದು. ಒಡೆತನ ಮೈಸೂರಿನದ್ದು, ಚಾಲಕನ ಸೀಟು ಕಂಪನಿಯದ್ದು.

ಸಾಲ ಬೇಕಿದ್ದರೆ ಸಾಲ ತರಬೇಕಿತ್ತು, ರೈಲನ್ನೇ ಯಾಕೆ ಕೊಡಬೇಕಿತ್ತು ಅಂತ ನಮ್ಮಲ್ಲೇ ಜೋರು ವಾದ ಆಯಿತು. ಹಣ ಹೊಂದಿಸುವುದು ಬೇರೆ, ನಡೆಸುವುದು ಬೇರೆ, ಇದು ನಿಜ. ಆದರೆ ಒಂದು ದೇಶೀ ಸಂಸ್ಥಾನ ನೇರವಾಗಿ ಲಂಡನ್ ಮಾರುಕಟ್ಟೆಗೆ ಹೋಗಿ ಸಾಲ ಎತ್ತುವುದು ಬ್ರಿಟಿಷ್ ಸರ್ಕಾರದ ಒಪ್ಪಿಗೆ ಇಲ್ಲದೆ ಆಗುವ ಮಾತಲ್ಲ. ಅಲ್ಲಿನ ಹೂಡಿಕೆದಾರನಿಗೆ ಮೈಸೂರು ಎಲ್ಲಿದೆ ಅಂತಲೂ ಗೊತ್ತಿರಲಿಲ್ಲವೇನೋ, ರೈಲ್ವೆ ಕಂಪನಿಯ ಬಾಂಡು ಮಾತ್ರ ಗೊತ್ತು. ಕಾನೂನು ಓದಿದ ಅಯ್ಯರ್ ಇದನ್ನು ಸರಿಯಾಗಿಯೇ ಓದಿಕೊಂಡರು ಅಂತ ನಮಗೆ ಅನ್ನಿಸುತ್ತದೆ. ಕಂಪನಿ ಅವರಿಗೆ ಬೇಕಿದ್ದದ್ದು ಹಣದ ಬಾಗಿಲಾಗಿ. ಆ ಬಾಗಿಲಿನ ಬಾಡಿಗೆ ರೈಲಿನ ಚಾಲನೆ.

ಹಳಿ ಬೇಗ ಬಂತು, ಇದನ್ನು ಯಾರೂ ಇಲ್ಲ ಅನ್ನುವ ಹಾಗಿಲ್ಲ. ತಿಪಟೂರು, ಅರಸೀಕೆರೆ, ಬೀರೂರು, ಚಿಕ್ಕಜಾಜೂರು, ದಾವಣಗೆರೆ ಹಾದು 1889ರಲ್ಲಿ ಬೆಂಗಳೂರಿನಿಂದ ಹರಿಹರಕ್ಕೆ ಗಾಡಿ ಓಡಿತು. ಈ ಕಡೆ ನಂಜನಗೂಡಿಗೂ ಮಾರ್ಗ ಹೋಯಿತು. ಸ್ವಂತ ಆದಾಯದಲ್ಲಿ ಉಳಿಸಿ ಉಳಿಸಿ ಹಾಕಿದ್ದರೆ ಎಷ್ಟು ವರ್ಷ ಆಗುತ್ತಿತ್ತೋ. ನಡುವೆ ಇನ್ನೊಂದು ಬರ ಬಂದಿದ್ದರೆ ಆ ವರ್ಷಗಳ ಬೆಲೆಯನ್ನು ಜೀವದಲ್ಲಿ ಕೊಡಬೇಕಾಗುತ್ತಿತ್ತು.

ಬೆಲೆ ಬೇರೆ ರೀತಿಯಲ್ಲಿ ಬಂತು. ಸಾಲ ಪೌಂಡಿನಲ್ಲಿ, ಸಂಸ್ಥಾನದ ಆದಾಯ ರೂಪಾಯಿಯಲ್ಲಿ. ಆಗಿನ ರೂಪಾಯಿ ಬೆಳ್ಳಿಯದು, ಬೆಳ್ಳಿ ಬೆಲೆ ಜಗತ್ತಿನಲ್ಲೆಲ್ಲ ಕುಸಿಯುತ್ತಿತ್ತು. ನಾವೇ ಕೂತು ಲೆಕ್ಕ ಹಾಕಿದೆವು, ನೀವೂ ಹಾಕಿ ನೋಡಿ. 12 ಲಕ್ಷ ಪೌಂಡಿಗೆ ಶೇಕಡಾ 4 ಅಂದರೆ ವರ್ಷಕ್ಕೆ 48 ಸಾವಿರ ಪೌಂಡ್. 1870ರ ದಶಕದ ಆರಂಭದಲ್ಲಿ ಒಂದು ಪೌಂಡಿಗೆ ಸುಮಾರು 10 ರೂಪಾಯಿ ಇತ್ತು, ಆ ದರದಲ್ಲಿ 4 ಲಕ್ಷದ 80 ಸಾವಿರ. ಸಾಲ ಮಾಡಿದ ಹೊತ್ತಿಗೆ ದರ ಸುಮಾರು 14ರ ಹತ್ತಿರ, ಅಂದರೆ ಆರೂವರೆ ಲಕ್ಷದ ಮೇಲೆ. 1890ರ ದಶಕದ ನಡುವೆ ಪೌಂಡಿಗೆ 18 ರೂಪಾಯಿ ದಾಟಿತು, ಆಗ ಎಂಟೂವರೆ ಲಕ್ಷಕ್ಕೂ ಹೆಚ್ಚು. ಒಂದು ಕಿಲೋಮೀಟರ್ ಹಳಿಯನ್ನೂ ಹೆಚ್ಚಿಗೆ ಹಾಕದೆ, ಒಂದು ಪೈಸೆ ಸಾಲವನ್ನೂ ಹೊಸದಾಗಿ ಮಾಡದೆ, ಬಡ್ಡಿ ಮಾತ್ರ ಏರುವುದು ಅಂದರೆ ಇದು. ವಿದೇಶಿ ಸಾಲದಲ್ಲಿ ಇಂಥ ಹೊಡೆತ ಈಗಲೂ ಬೀಳುತ್ತದೆ, ಹೆಡ್ಜಿಂಗ್ ಅನ್ನೋ ಉಪಾಯ ಮಾತ್ರ ಈಗ ಇದೆ.

ಇನ್ನೊಂದು ಬೆಲೆ ಲೆಕ್ಕದಲ್ಲಿ ಕಾಣುವುದಿಲ್ಲ. ಗಾಡಿ ಯಾವಾಗ ಹೊರಡಬೇಕು, ಸರಕಿಗೆ ಎಷ್ಟು ಬಾಡಿಗೆ, ಮುಂದಿನ ಕವಲು ಎಲ್ಲಿಗೆ ಹಾಕಬೇಕು ಅನ್ನುವ ಮಾತಿನಲ್ಲಿ ಕಂಪನಿಯನ್ನು ಬಿಟ್ಟು ಮೈಸೂರು ಒಂದೇ ಮುಂದೆ ಹೋಗುವ ಹಾಗಿರಲಿಲ್ಲ. ಕಂಪನಿಗೆ ಬೇಕಿದ್ದದ್ದು ನೇರ ಮಾರ್ಗ. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ಹಳಿ ಚಿತ್ರದುರ್ಗ ಜಿಲ್ಲೆಯ ಪಡುವಣ ಅಂಚನ್ನಷ್ಟೇ ಸವರಿಕೊಂಡು ಹೋಯಿತು. ಹೊಳಲ್ಕೆರೆ ಸೀಮೆಗೆ ಸಿಕ್ಕಿತು, ದಾವಣಗೆರೆಗೆ ಸಿಕ್ಕಿತು. ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಹೊರಗೇ ಉಳಿದವು. ದೇವಸಮುದ್ರದ ರೈತನಿಗೆ ಹತ್ತಿರದ ಸ್ಟೇಷನ್ ತನ್ನ ಸಂಸ್ಥಾನದ್ದಲ್ಲ, ಗಡಿಯಾಚೆ ಬ್ರಿಟಿಷರ ಬಳ್ಳಾರಿಯದು. ತಮಾಷೆ ಏನಂದರೆ ಅಲ್ಲಿಗೂ ಬರುತ್ತಿದ್ದದ್ದು ಅದೇ ಸದರ್ನ್ ಮರಾಠಾ ಗಾಡಿ. ಬರದ ಹೆಸರಿನಲ್ಲಿ ಹುಟ್ಟಿದ ಕಂಪನಿ, ಬರ ನಿವಾರಣೆಗೆ ಮಾಡಿದ ಸಾಲ, ಎರಡೂ ಬರದ ಸೀಮೆಯ ಎರಡು ಪಕ್ಕ ಹಾದುಹೋದವು. ನಡುವಿನ ನಾವು ನೋಡುತ್ತಾ ಕೂತೆವು.

ಇದಕ್ಕೆ ಅಯ್ಯರ್ ಒಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ಅವರು ಟೀಕೆಗೆ ಹೊರತಾದವರೇನೂ ಅಲ್ಲ. ಮದರಾಸಿನಿಂದ ಬಂದವರನ್ನೇ ದೊಡ್ಡ ಹುದ್ದೆಗಳಲ್ಲಿ ತುಂಬುತ್ತಾರೆ ಅನ್ನುವ ಸಿಟ್ಟು ಮೈಸೂರಿಗರಲ್ಲಿ ಜೋರಾಗಿಯೇ ಇತ್ತು. 1891ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರು ಮಾಡಿದರೂ ಆ ಸಿಟ್ಟು ತಣ್ಣಗಾಗಲಿಲ್ಲ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ತೀರಿಕೊಂಡು ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆದ ಮೇಲಂತೂ ದಿವಾನರ ಕೈ ಇನ್ನೂ ಬಲವಾಯಿತು. ಹದಿನೆಂಟು ವರ್ಷ ಒಂದೇ ಕುರ್ಚಿ! ಮೈಸೂರಿನಲ್ಲಿ ಅಷ್ಟು ದೀರ್ಘ ಕಾಲ ಸತತವಾಗಿ ದಿವಾನಗಿರಿ ಮಾಡಿದ ಇನ್ನೊಬ್ಬರಿಲ್ಲ ಅನ್ನುತ್ತಾರೆ. ಅಷ್ಟು ವರ್ಷ ಕೂತವರ ಸುತ್ತ ಹೊಗಳುವವರೂ ತೆಗಳುವವರೂ ಸಮನಾಗಿ ಬೆಳೆಯುತ್ತಾರೆ.

ನಮಗೆ ಕುತೂಹಲ ಹುಟ್ಟಿಸುವುದು ಅವರ ಎರಡನೇ ದಶಕ. ಅಷ್ಟು ಹೊತ್ತಿಗೆ ಕೋಲಾರದ ಚಿನ್ನ ಹೊರಬೀಳತೊಡಗಿತ್ತು, ಅದರ ರಾಜಧನ ಬೊಕ್ಕಸಕ್ಕೆ ಬರುತ್ತಿತ್ತು. ಕೈಯಲ್ಲಿ ಸ್ವಂತ ದುಡ್ಡು ಆಡತೊಡಗಿದ ಮೇಲೆ ಈ ಮನುಷ್ಯ ಕೆಲಸ ಮಾಡುವ ರೀತಿಯೇ ಬದಲಾಯಿತು. ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳಾಯಿ ನೀರು ತಂದದ್ದು ಸರ್ಕಾರದಿಂದ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಹೋದದ್ದು ಸಂಸ್ಥಾನದ ಹಣದಿಂದ, ಗಾಡಿ ನಡೆಸುವ ಕೆಲಸ ಮಾತ್ರ ಹಳೇ ಒಪ್ಪಂದದ ಜಾಡಿನಲ್ಲೇ ಕಂಪನಿಗೆ.

ನಮ್ಮ ಜಿಲ್ಲೆಗೆ ಸಿಕ್ಕಿದ್ದು ಮಾರಿಕಣಿವೆ. ಹಿರಿಯೂರಿನ ಹತ್ತಿರ ಎರಡು ಗುಡ್ಡಗಳ ಕಿರಿದಾದ ಸಂದಿನಲ್ಲಿ ವೇದಾವತಿ ನುಗ್ಗುವ ಜಾಗ. ಅಲ್ಲಿ ಕಟ್ಟೆ ಕಟ್ಟಿದರೆ ಚಿಕ್ಕ ಗೋಡೆಗೆ ದೊಡ್ಡ ಕೆರೆ ಸಿಗುತ್ತದೆ. ಸಿವಿಲ್ ಬ್ರಾಂಚಿನವರು ಒಮ್ಮೆ ಹೋಗಿ ನೋಡಲೇಬೇಕು. 1898ರಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲಿನ ಕಟ್ಟೆ, ಹಿಡಿಯುವ ನೀರು 30 ಟಿಎಂಸಿ. ಇಷ್ಟು ನೀರು ಈ ನದಿಯಲ್ಲಿ ಬರುತ್ತದಾ ಅನ್ನುವ ಅನುಮಾನಕ್ಕೆ ಇತಿಹಾಸವೇ ಸಾಕ್ಷಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲಿ. ತಲೆಮಾರುಗಟ್ಟಲೆ ತುಂಬದ ಕೆರೆಯನ್ನು ದೊಡ್ಡದಾಗಿ ಕಟ್ಟಿದರು ಅಂತ ಆಡಿಕೊಂಡವರೂ ಇದ್ದಾರೆ. ಆದರೆ ತುಂಬದ ವರ್ಷಗಳಲ್ಲೂ ಹಿರಿಯೂರಿನ ತೋಟಗಳನ್ನು, ಚಿತ್ರದುರ್ಗದ ಕುಡಿಯುವ ನೀರನ್ನು ನೋಡಿಕೊಂಡದ್ದು ಅದೇ ಕೆರೆ.

ಇನ್ನು ಶಿವನಸಮುದ್ರ. ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದ ಜೋಲಿ ಡಿ ಲಾಟ್‌ಬಿನಿಯೇರ್ ಕಾವೇರಿಯ ಜಲಪಾತದಿಂದ ವಿದ್ಯುತ್ ತೆಗೆದು ಕೋಲಾರದ ಗಣಿಗಳಿಗೆ ಕಳಿಸಬಹುದು ಅನ್ನುವ ಯೋಜನೆ ಮುಂದಿಟ್ಟಾಗ, ಅಷ್ಟು ದೂರ ತಂತಿಯಲ್ಲಿ ಕರೆಂಟು ಕಳಿಸಿದ ಉದಾಹರಣೆ ನಮ್ಮ ದೇಶದಲ್ಲಿ ಇರಲಿಲ್ಲ. ಜಲಪಾತದಿಂದ ಗಣಿಗೆ 147 ಕಿಲೋಮೀಟರ್. ಕಾನೂನು ಓದಿದ ದಿವಾನರು ಎಂಜಿನಿಯರನ ಮಾತು ನಂಬಿದರು. ಇಲ್ಲಿ ವ್ಯವಹಾರದ ಆಕಾರ ನೋಡಿ. 1886ರಲ್ಲಿ ಸರ್ಕಾರದ ಆಸ್ತಿ, ನಡೆಸುವವರು ಲಂಡನ್ ಕಂಪನಿ, ಖಾತ್ರಿ ಕೊಡುವವರು ಮೈಸೂರು. ಇಲ್ಲಿ ಉತ್ಪಾದಿಸುವವರೂ ನಡೆಸುವವರೂ ಮೈಸೂರು ಸರ್ಕಾರ, ಕೊಳ್ಳುತ್ತೇವೆ ಅಂತ ಮೊದಲೇ ಕರಾರು ಬರೆದುಕೊಟ್ಟವರು ಗಣಿ ಕಂಪನಿಗಳು. ಅದೇ ಅಯ್ಯರ್, ಅದೇ ಲಂಡನ್ನಿನ ಹಣವಂತರು, ಕುರ್ಚಿ ಮಾತ್ರ ಅದಲು ಬದಲು. ರೈಲಿನ ಒಪ್ಪಂದದಿಂದ ಅವರು ಪಾಠ ಕಲಿತರು ಅಂತ ಎಲ್ಲೂ ಬರೆದಿಟ್ಟಿಲ್ಲ. ಎರಡೂ ಕರಾರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಹಾಗೆ ಕಂಡಿತು.

ಆ ಬೆಳಕನ್ನು ಅವರು ನೋಡಲಿಲ್ಲ. ಪ್ಲೇಗು ಬೆಂಗಳೂರನ್ನು ಅಲ್ಲಾಡಿಸಿದ 1898ರ ನಂತರದ ವರ್ಷಗಳಲ್ಲಿ ಆರೋಗ್ಯ ಕುಗ್ಗುತ್ತಾ ಹೋಯಿತು. 1901ರ ಮಾರ್ಚಿನಲ್ಲಿ ದಿವಾನಗಿರಿ ಬಿಟ್ಟರು, ಸೆಪ್ಟೆಂಬರ್ 13ರಂದು ತೀರಿಕೊಂಡರು. ವಯಸ್ಸು 56. ಶಿವನಸಮುದ್ರದ ಕರೆಂಟು ಕೋಲಾರ ಮುಟ್ಟಿದ್ದು 1902ರ ಜೂನ್ 30ರಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹುಟ್ಟೂರಿನ ನೆನಪಿಗೆ ಕುಮಾರ ಕೃಪಾ ಅಂತ ಹೆಸರಿಟ್ಟಿದ್ದ ಅವರ ಮನೆ ಈಗ ಸರ್ಕಾರದ ಅತಿಥಿಗೃಹ.

ಅವರು ಬರೆದ ರೈಲಿನ ಕರಾರಿಗೆ ಮಾತ್ರ ಅವರಿಗಿಂತ ಆಯಸ್ಸು ಹೆಚ್ಚು. 1908ರಲ್ಲಿ ಸದರ್ನ್ ಮರಾಠಾ ಮತ್ತು ಮದರಾಸ್ ರೈಲ್ವೆ ಒಂದಾಗಿ ಇನ್ನೂ ದೊಡ್ಡ ಕಂಪನಿಯಾಯಿತು, ಮೈಸೂರಿನ ಗಾಡಿಗಳು ಅದರ ಜೊತೆಗೇ ಹೋದವು. ವಿಶ್ವೇಶ್ವರಯ್ಯನವರು 1909ರಲ್ಲಿ ಚೀಫ್ ಎಂಜಿನಿಯರ್ ಆಗಿ ಬಂದ ಮೇಲೆ, ಆಮೇಲೆ ದಿವಾನರಾಗಿಯೂ, ಮೈಸೂರೇ ಹಳಿ ಹಾಕಿ ಮೈಸೂರೇ ನಡೆಸಬೇಕು ಅನ್ನುವ ಹಟ ಹಿಡಿದರು. ಮೈಸೂರು-ಅರಸೀಕೆರೆ ಮಾರ್ಗ ಅದರ ಫಲ. 1919ರಲ್ಲಿ ಕೆಲವು ಮಾರ್ಗಗಳ ಚಾಲನೆ ಸರ್ಕಾರದ ಕೈಗೆ ಮರಳಿತು. ಚಿಕ್ಕಜಾಜೂರಿನಿಂದ ಚಿತ್ರದುರ್ಗ ಕೋಟೆಯ ಕೆಳಗಿನವರೆಗೆ 1921ರಲ್ಲಿ ಕವಲು ಬಂದು ನಿಂತಿತು. ಬೆಂಗಳೂರು-ಮೈಸೂರು, ಬೆಂಗಳೂರು-ಹರಿಹರದಂಥ ಹಳೆಯ ಮುಖ್ಯ ಮಾರ್ಗಗಳು ಮೈಸೂರಿಗೆ ಮರಳಿ ಸಿಕ್ಕಿದ್ದು 1938ರಲ್ಲಿ. ಅಷ್ಟು ಹೊತ್ತಿಗೆ ಕೊಟ್ಟವರು ತೀರಿಕೊಂಡು 36 ವರ್ಷ ಆಗಿತ್ತು. 1950ರಲ್ಲಿ ಮೈಸೂರಿನ ರೈಲೂ ಭಾರತೀಯ ರೈಲ್ವೆಯೊಳಗೆ ಸೇರಿಹೋಯಿತು.

2020ರಲ್ಲಿ ರೈಲ್ವೆ 151 ಖಾಸಗಿ ಗಾಡಿಗಳಿಗೆ ಟೆಂಡರ್ ಕರೆದಾಗ ನಮ್ಮ ಹಾಸ್ಟೆಲ್ ಗ್ರೂಪುಗಳಲ್ಲೂ ಜಗಳ ಆಗಿತ್ತಂತೆ, ಸೀನಿಯರ್‌ಗಳು ಹೇಳುತ್ತಾರೆ. ಆ ಟೆಂಡರ್ ಕೊನೆಗೆ ಕೈಗೂಡಲಿಲ್ಲ. ಪರ ವಾದಿಸಿದವರೂ ವಿರೋಧಿಸಿದವರೂ 1886ರ ಕರಾರನ್ನು ಒಮ್ಮೆ ಓದಿದ್ದರೆ ಜಗಳ ಇನ್ನೂ ಚೆನ್ನಾಗಿರುತ್ತಿತ್ತು.

ಚಿತ್ರದುರ್ಗದಲ್ಲಿ ನಿಂತಿದ್ದ ಹಳಿ ಅಲ್ಲಿಂದ ಹೊರಟು ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಹಾದು ರಾಯದುರ್ಗ ಮುಟ್ಟಿ, ಬಳ್ಳಾರಿಯ ಕಡೆಗೆ ದಾರಿ ಕೂಡಿಸಿದ್ದು ಇಪ್ಪತ್ತನೇ ಶತಮಾನ ಮುಗಿಯುತ್ತಾ ಬಂದಾಗ. ಆ ಗಾಡಿಯಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಬಯಲು, ಶೇಂಗಾ ಹೊಲ, ದೂರದಲ್ಲಿ ಬಂಡೆಗುಡ್ಡ ಕಾಣುತ್ತವೆ. ರಜಕ್ಕೆ ಊರಿಗೆ ಹೋಗುವ ನಮ್ಮ ಗೆಳೆಯರು ಇಳಿದು ಅಲ್ಲಿಂದ ಮುಂದೆ ದೇವಸಮುದ್ರಕ್ಕೆ ಬಸ್ಸು ಹಿಡಿಯುತ್ತಾರೆ.